ಬಚ್ಚಲೊಲೆಯ ಬಾಯಿ ಕಟ್ಟಿದ ಭೈರಮ್ಮ

ಜಯಪುರದಲ್ಲಿ ಭೈರಮ್ಮನ ಹರಿವೆ ಸೊಪ್ಪು ಅಂದರೆ ಅದಕ್ಕೆ ಬೇರೆ ಗುರುತು ಬೇಕಿರಲಿಲ್ಲ. ಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ತಿರುವಿಗೆ ಅವಳ ಹೆಂಚಿನ ಮನೆ. ಹಿಂದೆ ಅಂಗೈಯಗಲದ ಹಿತ್ತಲು. ಆ ಹಿತ್ತಲಿನ ಕೆಂಪು ಹರಿವೆಯಲ್ಲಿ ಸಾರು ಮಾಡಿದರೆ ಅನ್ನಕ್ಕೆಲ್ಲ ಬಣ್ಣ ಹತ್ತಿ, ಉಣ್ಣಲು ಹಟ ಮಾಡುವ ಮಕ್ಕಳೂ ತಟ್ಟೆಗೆ ಕೈ ಹಾಕುತ್ತಿದ್ದವು. ಸಂತೆಯಲ್ಲಿ ಬೇರೆ ಸೊಪ್ಪಿನವರು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರೆ ಭೈರಮ್ಮ ಬುಟ್ಟಿ ಇಳಿಸಿ, ಬಾಯಿಗೊಂದು ಎಲೆಯಡಿಕೆಯ ಕವಳ ಹಾಕಿಕೊಂಡು, ಯಾರಿಗೂ ಬಾ ಅನ್ನದೆ ಕೂರುತ್ತಿದ್ದಳು. ಕವಳ ಉಗಿಯುವ ಹೊತ್ತಿಗೆ ಬುಟ್ಟಿ ಖಾಲಿ.

ಇದರ ಗುಟ್ಟು ಬೂದಿ. ಅಡ್ಡಗದ್ದೆಯ ತವರಿನಲ್ಲಿ ಅವ್ವನಿಂದ ಕಲಿತದ್ದು ಅದೊಂದೇ ವಿದ್ಯೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಇಬ್ಬನಿ ಆರುವ ಮುಂಚೆ ಎಲೆಯ ಮೇಲೆ ಬೂದಿ ಎರಚಿದರೆ ಹುಳ ಹತ್ತಿರ ಸುಳಿಯುವುದಿಲ್ಲ, ಬುಡಕ್ಕೆ ಹಾಕಿದರೆ ಗಿಡ ಸೊಕ್ಕಿ ಬರುತ್ತದೆ. ಆದರೆ ಒಂದು ಮನೆಯ ಒಲೆಯ ಬೂದಿ ಯಾವ ಮೂಲೆಗೆ ಸಾಲಬೇಕು? ಅದಕ್ಕೇ ಭೈರಮ್ಮ ಎಣ್ಣೆ ಡಬ್ಬಿಗೆ ಹಗ್ಗದ ಹಿಡಿ ಕಟ್ಟಿಕೊಂಡು ಮನೆ ಮನೆ ತಿರುಗುತ್ತಿದ್ದಳು. ಬಚ್ಚಲ ಹಂಡೆಯ ಕೆಳಗಿನ ಬೂದಿ ತಾನೇ ಬಾಚಿ ತುಂಬಿಕೊಂಡು, ಬದಲಿಗೆ ಒಂದು ಕಟ್ಟು ಸೊಪ್ಪು ಇಟ್ಟು ಬರುವಳು. ಮನೆಯವರಿಗೆ ಒಲೆ ಚೊಕ್ಕಟವಾಯಿತು, ಅವಳಿಗೆ ಹಿತ್ತಲು ತುಂಬಿತು. ಈ ಕೊಡುಕೊಳ್ಳುವಿಕೆ ಎಷ್ಟು ಹಳೆಯದೆಂದರೆ, ಅವಳು ಕೇಳದೆಯೇ ಯಾರ ಬಚ್ಚಲಿಗೆ ಬೇಕಾದರೂ ಹಿಂಬಾಗಿಲಿನಿಂದ ಹೋಗಿಬಿಡಬಹುದಿತ್ತು.

ಎಲ್ಲ ಸೊಪ್ಪೂ ಮಾರಾಟಕ್ಕಲ್ಲ. ಶುಕ್ರವಾರದ ಬುಟ್ಟಿ ಶಾಲೆಯ ಬಿಸಿಯೂಟಕ್ಕೆ. ಯಾರೂ ಕೇಳಿರಲಿಲ್ಲ, ಅವಳೇ ಹಚ್ಚಿಕೊಂಡದ್ದು. ಭೈರಮ್ಮನಿಗೂ ಅವಳ ಗಂಡ ಕೃಷ್ಣಪ್ಪನಿಗೂ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವಳು ಅತ್ತದ್ದನ್ನು ಊರು ಕಂಡಿಲ್ಲ. ಶುಕ್ರವಾರ ಶಾಲೆಯ ಜಗಲಿಯ ಕಂಬಕ್ಕೊರಗಿ ನಿಂತು, ಕೆಂಪು ಕೈಗಳನ್ನು ನೆಕ್ಕುತ್ತಿದ್ದ ಮಕ್ಕಳ ಸಾಲನ್ನು ನೋಡಿದರೆ ಅವಳಿಗೆ ಇಡೀ ವಾರ ಬೆನ್ನು ನೋಯುತ್ತಿರಲಿಲ್ಲ.

ಇನ್ನು ಬಚ್ಚಲೊಲೆಯ ಮಾತು. ಈ ಸೀಮೆಯ ಬಚ್ಚಲೊಲೆಗೆ ಹೊಟ್ಟೆ ತುಂಬಿತು ಎಂಬುದೇ ಇಲ್ಲ. ಅಡಿಕೆ ಸಿಪ್ಪೆ, ಸೋಗೆ, ಕಾಫಿ ಗಿಡದ ಒಣ ರೆಂಬೆ ಇವೆಲ್ಲ ಸರಿ, ಅದರ ಹಕ್ಕಿನ ಊಟ. ಅದರ ಹಿಂದೆಯೇ ಹಾಲಿನ ಕವರು, ಹರಿದ ಹವಾಯಿ ಚಪ್ಪಲಿ, ಮಾತ್ರೆಯ ಹಾಳೆ, ಹಳೇ ಟೂತ್‌ಬ್ರಷ್ಷು. ಏನು ಮಾಡಬೇಕೆಂದು ತಿಳಿಯದ್ದೆಲ್ಲ ಒಲೆಗೆ. ಬೆಂಕಿಗೆ ಬಿದ್ದದ್ದು ಶುದ್ಧವಾಯಿತು, ಕಣ್ಣಿಂದ ಮರೆಯಾಯಿತು, ಜೊತೆಗೆ ನೀರೂ ಕಾಯಿತು. ಭೈರಮ್ಮ ಇದನ್ನೆಲ್ಲ ಕಂಡು ಬೈಯುತ್ತಲೇ ಬಂದಿದ್ದಳು. ಅವಳ ಬೈಗುಳವೂ ಬೂದಿಯ ಹಾಗೆ ಊರಿಗೆ ಅಭ್ಯಾಸವಾಗಿ, ಯಾರೂ ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಅಷ್ಟರಲ್ಲಿ ಊರಿಗೆ ಮೊಬೈಲು ಬಂತು. ಗುಡ್ಡದ ಮೇಲೆ ಟವರು ಎದ್ದ ಮೊದಲ ವರ್ಷ ಅಡಿಕೆ ಮಂಡಿಯ ದೊಡ್ಡವರ ಜೇಬಿನಲ್ಲಿ ಮಾತ್ರ ಇದ್ದದ್ದು, ಮೂರ್ನಾಲ್ಕು ವರ್ಷದಲ್ಲಿ ಸೊಪ್ಪಿನವರ ಸೆರಗಿಗೂ ಇಳಿಯಿತು. ಬಂದ ವೇಗದಲ್ಲೇ ಸಾಯತೊಡಗಿತು ಕೂಡ. ಗದ್ದೆಯ ನೀರಿಗೆ ಬಿದ್ದು ಸತ್ತದ್ದು, ಸಿಡಿಲಿಗೆ ಚಾರ್ಜರಿನ ಸಮೇತ ಸುಟ್ಟದ್ದು, ಥಂಡಿಗೆ ಒಳಗೇ ಬೆವರಿ ಕಣ್ಣು ಮುಚ್ಚಿದ್ದು. ಸತ್ತ ಮೊಬೈಲನ್ನು ರಸ್ತೆಗೆ ಎಸೆಯಲು ಜನರಿಗೆ ಹೆದರಿಕೆ. ಯಾರೋ ಎತ್ತಿಕೊಂಡು ನಮ್ಮ ಹೆಸರಲ್ಲಿ ಎಲ್ಲೆಲ್ಲಿಗೋ ಫೋನು ಮಾಡಿದರೆ ಪೊಲೀಸರು ನಮ್ಮ ಬಾಗಿಲಿಗೆ ಬರುತ್ತಾರೆ ಎಂಬ ಮಾತು ಆಗ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು. ಗುರುತು ಸಿಗದಂತೆ ಮಾಡಲು ಒಲೆಗಿಂತ ಒಳ್ಳೆಯ ಜಾಗ ಇನ್ನೇನಿದೆ?

ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ, ಮಳೆ ಹಿಂದೆಗೆದ ಮೇಲೆ, ಭೈರಮ್ಮ ಹಿತ್ತಲಲ್ಲಿ ಕೂತು ಬೂದಿ ಎರಚುತ್ತಿದ್ದಾಗ ಬೆರಳಿಗೆ ಏನೋ ಚುಚ್ಚಿತು. ಕೆಂಡದ ಚೂರಲ್ಲ, ಮೊಳೆಯಲ್ಲ. ಉಗುರಗಲದ ಹಸಿರು ಹಲಗೆ, ಅದರ ಮೇಲೆ ಕರಗಿ ಗಟ್ಟಿಯಾದ ಬೆಳ್ಳಗಿನ ಹನಿಗಳು. ಡಬ್ಬಿಯ ಬೂದಿಯನ್ನೆಲ್ಲ ಅಕ್ಕಿಯ ಜರಡಿಗೆ ಸುರಿದು ಅಲುಗಿಸಿದಳು. ಅಂಥವೇ ಚೂರುಗಳು, ಸೀದ ತಂತಿ, ಸೊಟ್ಟಗಾದ ಒಂದು ಪುಟ್ಟ ಗಾಜು, ಸಾಲಾಗಿ ಅಂಟಿಕೊಂಡ ಅಂಕಿಗಳ ಗುಂಡಿ. ಅಂದಿನಿಂದ ಅವಳಿಗೊಂದು ಅಭ್ಯಾಸವಾಯಿತು. ಎಲ್ಲೇ ಬೂದಿ ಕಂಡರೂ, ಪಾತ್ರೆ ಉಜ್ಜಲು ಒಂದು ಹಿಡಿ ಎತ್ತಿಕೊಂಡರೂ, ಬೆರಳಾಡಿಸಿ ನೋಡದೆ ಬಿಡುತ್ತಿರಲಿಲ್ಲ.

ಚೂರುಗಳನ್ನು ಸೆರಗಿಗೆ ಕಟ್ಟಿಕೊಂಡು ಸೀದಾ ಬಸ್ ನಿಲ್ದಾಣದ ಬಳಿ ಮೊಬೈಲು ರಿಪೇರಿಯ ಅಂಗಡಿ ಇಟ್ಟಿದ್ದ ಮಹಮ್ಮದ್ ಶಫಿಯ ಹತ್ತಿರ ಹೋದಳು. ಶಫಿ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಮೆಲುಮಾತಿನ ಮನುಷ್ಯ.

"ಇದೆಂತ ನೋಡು ಮಾರಾಯ," ಎಂದು ಅವನ ಮೇಜಿನ ಮೇಲೆ ಸೆರಗು ಬಿಚ್ಚಿದಳು.

ಶಫಿ ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದ. "ಮೊಬೈಲಿನ ಬೋರ್ಡು ಭೈರಕ್ಕ. ಯಾರೋ ಸುಟ್ಟಿದಾರೆ. ಎಲ್ಲಿ ಸಿಕ್ತು?"

"ಬೂದಿಲಿ. ಸುಟ್ರೆ ಎಂತ ಆಗ್ತದೆ?"

"ಈ ಬಿಳಿ ಹನಿ ಉಂಟಲ್ಲ, ಸೀಸ ಸೇರಿದ ಬೆಸುಗೆ. ಬ್ಯಾಟರಿ ಒಳಗಿಂದು ಮತ್ತೆ ಬೇರೆ ಥರ ವಿಷ. ಹೊಗೆಲಿ ಒಂದಷ್ಟು ಹೋಗ್ತದೆ, ಉಳಿದಿದ್ದು ಬೂದಿಲೇ ಕೂರ್ತದೆ. ಕೈ ತೊಳೀದೆ ಅನ್ನ ಮುಟ್ಟಬೇಡ ಅಂತ ಕೆಲಸ ಕಲಿಸಿದ ನಮ್ಮ ಉಸ್ತಾದರು ದಿನಾ ಹೇಳ್ತಿದ್ರು."

"ಆ ಬೂದಿ ಗಿಡಕ್ಕೆ ಹಾಕಿದ್ರೆ?"

ಶಫಿ ಭೂತಗನ್ನಡಿ ಕೆಳಗಿಟ್ಟ. "ಎಷ್ಟು ಕೆಟ್ಟದ್ದು ಅಂತ ಹೇಳುವಷ್ಟು ನಂಗೆ ಗೊತ್ತಿಲ್ಲ ಭೈರಕ್ಕ. ಒಳ್ಳೇದಂತೂ ಅಲ್ಲ. ನಿನ್ನೆ ಆಮಿನಾ ನಿಮ್ಮ ಸೊಪ್ಪೇ ತಂದಿದ್ಲು," ಎಂದ. ಆಮಿನಾ ಅವನ ಹೆಂಡತಿ.

ಭೈರಮ್ಮ ಚೂರುಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಅವಳ ಕಣ್ಣಿಗೆ ಬಂದದ್ದು ಶಾಲೆಯ ಜಗಲಿ. ಮಾರನೇ ದಿನವೇ ಶುಕ್ರವಾರ. ಬುಟ್ಟಿಗೆ ಬೇಕಾದ ಸೊಪ್ಪು ಮಡಿಯಲ್ಲಿ ಎದೆಯುದ್ದಕ್ಕೆ ನಿಂತಿತ್ತು.

ಆ ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ಹಿತ್ತಲಿಗಿಳಿದು ಹರಿವೆಯನ್ನೆಲ್ಲ ಬೇರುಸಹಿತ ಕಿತ್ತಳು. ಬಸ್ಸಿನ ಬುಕಿಂಗ್ ಏಜೆಂಟಾಗಿದ್ದ ಗಂಡ ಕೃಷ್ಣಪ್ಪ ಊಟಕ್ಕೆಂದು ಬಂದವನು, ಬೋಳಾದ ಹಿತ್ತಲು ನೋಡಿ ಬಾಗಿಲಲ್ಲೇ ನಿಂತ. "ಎಂತಕೆ ಮಾರಾಯ್ತಿ ಇದು," ಎಂದ. ಅವಳು ಹೇಳಿದಳು. ಅವನು ಪಂಚೆ ಎತ್ತಿ ಕಟ್ಟಿ, ಪಿಕಾಸಿ ಹಿಡಿದು, ಮೇಲಿನ ಮಣ್ಣು ಕೆರೆಯಲು ನಿಂತ. ಮಾತು ಕಡಿಮೆ, ಕೆಲಸಕ್ಕೆ ಹಿಂದೆ ಮುಂದೆ ನೋಡುವವನಲ್ಲ. ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುವವರಿಗೆಂದು ಸಿಮೆಂಟಿನ ಕಟ್ಟೆ ಕಟ್ಟುತ್ತಿದ್ದರು. ಆ ಮಣ್ಣು, ಕಿತ್ತ ಗಿಡ ಎಲ್ಲವನ್ನೂ ಅದರ ಹೊಟ್ಟೆಗೆ ಹಾಕಿಸಿದರು. ಅಲ್ಲಿ ಏನೂ ಬೆಳೆಯುವುದಿಲ್ಲ, ಯಾರೂ ಉಣ್ಣುವುದಿಲ್ಲ.

ಸಂಜೆ ಭೈರಮ್ಮ ಮುಖ್ಯೋಪಾಧ್ಯಾಯಿನಿ ತ್ರಿಪುರಸುಂದರಿಯವರ ಮನೆಗೆ ಹೋಗಿ, ಹೊಸ್ತಿಲಾಚೆಯೇ ನಿಂತು ಎಲ್ಲ ಹೇಳಿದಳು. "ಇಷ್ಟು ದಿನ ನಿಮ್ಮ ಮಕ್ಕಳಿಗೆ ಎಂತ ತಿನ್ನಿಸಿದ್ನೋ ನಂಗೇ ಗೊತ್ತಿಲ್ಲ ಟೀಚರ್ರೆ," ಎಂದಳು, ಇಡೀ ಊರನ್ನು ಬೈದ ಬಾಯಲ್ಲೇ.

ಟೀಚರು ಗದರಲಿಲ್ಲ. ಆಸ್ಪತ್ರೆಯ ಡಾಕ್ಟರನ್ನು ಕೇಳಿ ಬರುತ್ತೇನೆಂದು ಹೊರಟರು. ಬೇಗ ಗೊತ್ತಾದದ್ದು ಒಳ್ಳೆಯದಾಯಿತು, ಇಂದಿನಿಂದಲೇ ನಿಲ್ಲಿಸಿ, ಮಕ್ಕಳನ್ನು ನಾನೂ ಒಮ್ಮೆ ಬಂದು ನೋಡುತ್ತೇನೆ ಎಂದರಂತೆ ಡಾಕ್ಟರು. ಬಂದು ನೋಡಿದರು ಕೂಡ, ಹೆದರುವಂಥದ್ದೇನೂ ಕಾಣಲಿಲ್ಲ. "ಸೊಪ್ಪು ಸರಿಯಾಯ್ತು ಅಂತ ನಿಮಗೆ ಅನ್ನಿಸಿದ ದಿನ ತನ್ನಿ ಭೈರಮ್ಮ," ಎಂದರು ತ್ರಿಪುರಸುಂದರಿ. "ನಾನು ಮತ್ತೆ ಪರೀಕ್ಷೆ ಮಾಡೋಕೆ ಬರೋದಿಲ್ಲ. ನಿಮ್ಮ ಮಾತೇ ಸಾಕು. ಅಲ್ಲಿವರೆಗೆ ಶುಕ್ರವಾರ ಬೇಳೆ ಸಾರು."

ಭೈರಮ್ಮ ಮನೆಗೆ ಬಂದು ಹೇಳಿದಳು, ಆ ಮಕ್ಕಳು ಮತ್ತೆ ಉಣ್ಣುವ ತನಕ ತಾನೂ ಹರಿವೆ ಬಾಯಿಗೆ ಇಡುವುದಿಲ್ಲ ಎಂದು. ಹಟಕ್ಕೆ ಕೂತರೆ ಅವಳು ದೇವರ ಮಾತನ್ನೂ ಕೇಳುವವಳಲ್ಲ.

ಹಟ ಅಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಬೈಯುವುದು. ಡಬ್ಬಿಯ ಜೊತೆ ಜರಡಿಯನ್ನೂ ಹಿಡಿದುಕೊಂಡು ಮನೆ ಮನೆ ಹತ್ತಿದಳು. ಬೂದಿಯನ್ನು ಮನೆಯೊಡತಿಯ ಎದುರೇ ಜರಡಿ ಹಿಡಿದು, ಉಳಿದ ಚೂರನ್ನು ಅವಳ ಮೂಗಿನ ಹತ್ತಿರ ತಂದು, "ಇದನ್ನ ನಿನ್ನ ಮಕ್ಕಳ ಬಾಯಿಗೆ ಹಾಕ್ತೀಯ ಹೇಳು," ಎಂದು ಬೀದಿಗೆ ಕೇಳುವಂತೆ ಕೂಗಿದಳು. ಚೂರು ಸಿಕ್ಕಿದ ಮನೆಯ ಬೂದಿ ಬೇಡ, ಆ ಮನೆಗೆ ಮುಂದೆ ಸೊಪ್ಪೂ ಇಲ್ಲ. ಹೆಂಗಸರು ಮೂಗು ಮುರಿದರು. ಒಲೆಯ ಬೂದಿ ಬಾಚಲು ಬಂದವಳು ಮನೆಯ ಮರ್ಯಾದೆ ಬಾಚುತ್ತಾಳಲ್ಲ ಎಂದು ಬಸ್ ನಿಲ್ದಾಣದ ಎದುರು ಊಟದ ಹೋಟೆಲು ನಡೆಸುತ್ತಿದ್ದ ಶಂಕರಮ್ಮ ಎಲ್ಲರಿಗೂ ಕೇಳುವಂತೆ ಅಂದಳು. ಊರಿನಲ್ಲೇ ದೊಡ್ಡ ಒಲೆ ಶಂಕರಮ್ಮನದು. ದಿನಕ್ಕೆ ಡಬ್ಬಿಗಟ್ಟಲೆ ಬೂದಿ ಬೀಳುತ್ತಿತ್ತು.

ಕೆಲವು ದಿನಗಳಲ್ಲಿ ಜರಡಿಯಲ್ಲಿ ಏನೂ ಉಳಿಯದಾಯಿತು. ಶಂಕರಮ್ಮನ ಬೂದಿಯಂತೂ ಮೈದಾ ಹಿಟ್ಟಿನಷ್ಟು ನಯವಾಗಿ ಇಳಿಯುತ್ತಿತ್ತು. ಭೈರಮ್ಮ ಬೀಗಿದಳು. ಊರು ದಾರಿಗೆ ಬಂತು ಎಂದು ಗಂಡನ ಮುಂದೆ ದಿನಕ್ಕೆರಡು ಸಲ ಹೇಳಿದಳು. ಹೊಸ ಮಡಿಗೆ ಬೀಜ ಚೆಲ್ಲಲು ಶುಭದಿನವನ್ನೂ ನೋಡಿಟ್ಟಳು.

ಆ ದಿನ ಬೆಳಿಗ್ಗೆ, ಎದುರು ಮನೆಯ ಅಂಗಳದಲ್ಲಿ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಅವಳು ಒಲೆಯ ನೇಮ ಹೇಳುತ್ತಿದ್ದಾಗ, ಅವಳದೇ ಬಚ್ಚಲಿನಿಂದ ಢಮ್ಮೆಂದು ಸದ್ದು ಬಂತು. ಓಡಿ ಹೋಗಿ ನೋಡಿದರೆ ಒಲೆಯ ಕೆಂಡವೆಲ್ಲ ಬಚ್ಚಲ ನೆಲಕ್ಕೆ ಹಾರಿದೆ, ಹೊಗೆಗೆ ಉಸಿರು ಕಟ್ಟುತ್ತಿದೆ, ಮಧ್ಯದಲ್ಲಿ ಕೃಷ್ಣಪ್ಪ ಪಂಚೆಗೆ ಬಿದ್ದ ತೂತನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತಿದ್ದಾನೆ. ಒಂದು ಹುಬ್ಬು ಸೀದಿದೆ. ಹಂಡೆಯ ಕೆಳಗೆ, ಅಡಿಕೆ ಸಿಪ್ಪೆಯ ನಡುವೆ, ಅವನ ಮೊಬೈಲು ಬಾಯಿ ತೆರೆದುಕೊಂಡು ಬಿದ್ದಿದೆ.

ಹಿಂದೆಯೇ ಬಂದ ಹೆಂಗಸರು ಬಾಗಿಲಲ್ಲಿ ಇಣುಕಿದರು. ಒಬ್ಬಳು ಕಿಸಕ್ಕೆಂದಳು. ಮಿಕ್ಕವರಿಗೂ ತಡೆಯಲಾಗಲಿಲ್ಲ. ಬೆಳಗಿನ ಬಸ್ಸು ಹೊರಡುವ ಮುಂಚೆಯೇ ಸುದ್ದಿ ಇಡೀ ಜಯಪುರ ಸುತ್ತಿ, ಹೊರಟ ಬಸ್ಸಿನಲ್ಲಿ ಶೃಂಗೇರಿಗೂ ಮುಟ್ಟಿತು.

ಜನ ಹೋದ ಮೇಲೆ ಭೈರಮ್ಮ ಗಂಡನ ಹುಬ್ಬಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೇಳಿದಳು. ಕೂಗಲಿಲ್ಲ. ಕೂಗುವ ಶಕ್ತಿಯೇ ಅವಳಲ್ಲಿ ಉಳಿದಿರಲಿಲ್ಲ.

"ನಿಮಗಾದ್ರೂ ಗೊತ್ತಿತ್ತಲ್ಲ. ಮಣ್ಣು ಕೆರೆದಿದ್ದು ನೀವೇ ಅಲ್ವ. ಎಂತಕೆ ಹಾಕಿದ್ರಿ?"

ಕೃಷ್ಣಪ್ಪ ತಲೆ ತಗ್ಗಿಸಿದ. "ಮುಖ ತೊಳೆಯುವಾಗ ಜೇಬಿಂದ ಜಾರಿ ಹಂಡೆಗೆ ಬಿತ್ತು. ಎತ್ತಿದೆ, ಸತ್ತೇ ಹೋಗಿತ್ತು. ನೀನು ಕಂಡ್ರೆ ಬೈತೀಯ ಅಂತ ಹೆದ್ರಿಕೆ ಆಯ್ತು. ಕೈಗೆ ಹತ್ರ ಇದ್ದಿದ್ದು ಒಲೆ."

ಎಣ್ಣೆ ಹಚ್ಚುತ್ತಿದ್ದ ಬೆರಳು ಅಲ್ಲೇ ನಿಂತಿತು. ಜರಡಿಗೆ ಏನೂ ಸಿಗದಾದದ್ದು ಯಾಕೆಂದು ಅವಳಿಗೆ ಆ ಕ್ಷಣ ಹೊಳೆಯಿತು. ತನಗೆ ಹೆದರಿ ಗಂಡನೇ ಮೊಬೈಲನ್ನು ಒಲೆಯಲ್ಲಿ ಬಚ್ಚಿಟ್ಟ ಮೇಲೆ, ಊರಿನವರು ಇನ್ನೇನು ಮಾಡಿಯಾರು? ತಾನು ಬರುವ ಮುಂಚೆ ಅವರೇ ಬೂದಿ ಜರಡಿ ಹಿಡಿದು, ಚೂರು ಹೆಕ್ಕಿ ಬಿಸಾಡಿ, ವಿಷವನ್ನು ಮಾತ್ರ ನಯವಾಗಿ ತನ್ನ ಡಬ್ಬಿಗೆ ತುಂಬುತ್ತಿದ್ದಾರೆ. ತನ್ನ ಬೈಗುಳ ಕೆಡುಕನ್ನು ತಡೆದಿರಲಿಲ್ಲ, ಕಣ್ಣಿಗೆ ಕಾಣದ ಹಾಗೆ ಮಾಡಿತ್ತು ಅಷ್ಟೇ. ಬಿತ್ತಲೆಂದು ತೆಗೆದಿಟ್ಟಿದ್ದ ಬೀಜದ ಪೊಟ್ಟಣವನ್ನು ಅವಳು ತಿರುಗಿ ಮಾಡಿನ ಸಂದಿಗೆ ಸಿಕ್ಕಿಸಿದಳು. ಮೂಲೆಯಲ್ಲಿ ರಾಶಿ ಹಾಕಿದ್ದ ಬೂದಿಯೂ ಮರುದಿನ ಸಿಮೆಂಟು ಕಟ್ಟೆಯ ಹೊಟ್ಟೆ ಸೇರಿತು.

ಬೇರೆ ಯಾರಾದರೂ ಆಗಿದ್ದರೆ ಒಂದು ತಿಂಗಳು ಮನೆಯಿಂದ ಹೊರಗೆ ಮುಖ ತೋರಿಸುತ್ತಿರಲಿಲ್ಲ. ಭೈರಮ್ಮ ಮರುದಿನವೇ ಹೊರಟಳು. ಜರಡಿ ಒಯ್ಯಲಿಲ್ಲ. ಕೈಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ, ಒಳಗೆ ಬಾಯಿ ಬಿಟ್ಟ ಗಂಡನ ಮೊಬೈಲು. ಮೊದಲು ಹತ್ತಿದ್ದು ಶಂಕರಮ್ಮನ ಹೋಟೆಲಿನ ಮೆಟ್ಟಿಲನ್ನೇ.

"ಬೂದಿಗೆ ಬಂದ್ರ?" ಎಂದು ಶಂಕರಮ್ಮ ನಗು ತಡೆದುಕೊಂಡು ಕೇಳಿದಳು.

"ಬೂದಿ ಬ್ಯಾಡ ಮಾರಾಯ್ತಿ," ಎಂದು ಭೈರಮ್ಮ ಡಬ್ಬಿಯ ಮುಚ್ಚಳ ತೆಗೆದಳು. "ನೋಡು, ಮೊದಲನೇದು ನಮ್ಮನೇದೇ. ಇವರ ಹುಬ್ಬು ಹೋಯ್ತು, ಕಣ್ಣು ಉಳೀತು. ನಿಮ್ಮನೇಲಿ ಸತ್ತಿದ್ದು ಇದ್ರೆ ಇದಕ್ಕೆ ಹಾಕು. ಯಾರದ್ದು, ಎಂತಕೆ ಸತ್ತಿದ್ದು, ಒಂದೂ ಕೇಳೋದಿಲ್ಲ. ಬೈಯೋದಂತೂ ಇಲ್ಲವೇ ಇಲ್ಲ."

"ನೀವು ಬೈಯೋದಿಲ್ಲ ಅಂದ್ರೆ ನಂಬೋದು ಹ್ಯಾಂಗೆ?"

"ನಂಬಬೇಡ. ಹಾಕಿ ನೋಡು."

ಶಂಕರಮ್ಮ ಅಂದು ಏನನ್ನೂ ಹಾಕಲಿಲ್ಲ. ಆದರೆ ಕಾಫಿ ಕೊಟ್ಟಳು. ಭೈರಮ್ಮ ಹೇಳಿದ ಮಾತಿಗೆ ತಪ್ಪಲಿಲ್ಲ. ಮನೆ ಮನೆಗೂ ಹೋಗಿ, ಮೊದಲು ತನ್ನ ಗಂಡನ ಕಥೆಯನ್ನೇ ಹೇಳಿದಳು. ಪಂಚೆಯ ತೂತನ್ನೂ ಬಿಡದೆ ಬಣ್ಣಿಸಿ, ಕೇಳಿದವರನ್ನು ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದಳು. ನಕ್ಕವರು ಒಳಗೆ ಹೋಗಿ ಅಕ್ಕಿ ಡ್ರಮ್ಮಿನ ಹಿಂದಿನಿಂದ, ಅಟ್ಟದ ಗಂಟಿನಿಂದ, ದೇವರ ಪಟದ ಹಿಂದಿನಿಂದ ಸತ್ತ ಮೊಬೈಲು ತಂದು ಡಬ್ಬಿಗೆ ಹಾಕಿದರು. ಉಬ್ಬಿದ ಬ್ಯಾಟರಿ, ನಾಲಿಗೆ ಹೊರಬಿದ್ದ ಚಾರ್ಜರು, ಒಂದು ಮನೆಯಿಂದ ಅಜ್ಜನ ಕಾಲದ ಟ್ರಾನ್ಸಿಸ್ಟರೂ ಬಂತು. ಕೃಷ್ಣಪ್ಪ ಬಸ್ ನಿಲ್ದಾಣದಲ್ಲಿ ಯಾರು ಹುಬ್ಬಿನ ಬಗ್ಗೆ ಕೇಳಿದರೂ, "ಹೌದು ಮಾರಾಯ, ನಂದೇ. ನಿಂದು ಇದ್ರೆ ಕೊಡು," ಎಂದು ಕೈಚಾಚುವುದನ್ನು ಕಲಿತ.

ಡಬ್ಬಿ ತುಂಬಿತು, ಗೋಣಿಚೀಲ ಬೇಕಾಯಿತು. ಒಯ್ಯುವುದೆಲ್ಲಿಗೆ? ಗುಜರಿಯವನಿಗೆ ಕೊಡೋಣವೇ ಎಂದು ಶಫಿಯನ್ನು ಕೇಳಿದಳು.

"ಅವನೂ ತಾಮ್ರಕ್ಕಾಗಿ ಎಲ್ಲೋ ಹೊಳೆ ದಂಡೇಲಿ ಸುಡ್ತಾನೆ," ಎಂದ ಶಫಿ.

"ಹಂಗಾದ್ರೆ ಒಲೆ ಬದಲಾಯ್ತು ಅಷ್ಟೇ."

"ಶಿವಮೊಗ್ಗದಲ್ಲಿ ಒಂದು ಕಂಪನಿ ಸರ್ವಿಸ್ ಸೆಂಟರ್ ಉಂಟು. ಹಳೇ ಸೆಟ್ ಹಾಕೋಕೆ ಅಂತಲೇ ಪೆಟ್ಟಿಗೆ ಇಟ್ಟಿದಾರೆ. ಅಲ್ಲಿಂದ ಸರಿಯಾಗಿ ಬಿಚ್ಚುವ ಕಾರ್ಖಾನೆಗೆ ಹೋಗ್ತದಂತೆ. ಬಿಡಿಭಾಗಕ್ಕೆ ಹೋದಾಗ ಕಂಡಿದ್ದೆ. ಆದ್ರೆ ಇಷ್ಟೆಲ್ಲ ತಗೊಳ್ತಾರೋ ಇಲ್ವೋ."

ಹೋಗಿ ಕೇಳಿದರೆ ಗೊತ್ತಾಗುತ್ತದೆ ಎಂದು ಭೈರಮ್ಮ ಚೀಲದ ಬಾಯಿ ಹೊಲಿದಳು. ಬ್ಯಾಟರಿಗಳ ಮೂತಿಗೆಲ್ಲ ಶಫಿ ಟೇಪು ಸುತ್ತಿಕೊಟ್ಟ, ಒಂದಕ್ಕೊಂದು ತಾಗಿ ಬಸ್ಸಿನಲ್ಲೇ ಢಮ್ಮೆನ್ನಬಾರದಲ್ಲ. ಅವಳಿಗೆ ಶಿವಮೊಗ್ಗ ದೂರದೂರು. ಕೊಪ್ಪ ದಾಟಿ, ನರಸಿಂಹರಾಜಪುರದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಎಲ್ಲರೂ ಇಳಿದರೂ ಅವಳು ಚೀಲದ ಮೇಲಿನ ಕೈ ತೆಗೆಯಲಿಲ್ಲ. ಕಂಡಕ್ಟರು ಒಳಗೇನೆಂದು ಕೇಳಿದ್ದಕ್ಕೆ "ಊರಿನ ಪಾಪ," ಎಂದಳು. ಅವನು ಮತ್ತೆ ಕೇಳಲಿಲ್ಲ.

ಸರ್ವಿಸ್ ಸೆಂಟರಿನ ಗಾಜಿನ ಬಾಗಿಲೊಳಗೆ ತಣ್ಣನೆಯ ಗಾಳಿ. ಮೇಜಿನ ಹಿಂದೆ ಕಾವ್ಯ ಎಂಬ ಹುಡುಗಿ. ಚೀಲ ನೋಡಿದವಳೇ ಗಾಬರಿಯಾದಳು.

"ಅಮ್ಮ, ಈ ಪೆಟ್ಟಿಗೆ ನಮ್ಮ ಕಂಪನಿ ಫೋನಿಗೆ ಮಾತ್ರ ಅಂತ ಅಂದ್ಕೊಂಡಿದೀನಿ. ಒಬ್ಬರು ಒಂದೋ ಎರಡೋ ತರ್ತಾರೆ. ಹೀಗೆ ಚೀಲಗಟ್ಟಲೆ, ಸುಟ್ಟಿದ್ದು, ಚೈನಾ ಸೆಟ್ಟು ಎಲ್ಲ..."

"ನಮ್ಮೂರಿನ ಒಲೆಗೆ ಕಂಪನಿ ಯಾವುದು ಅಂತ ಗೊತ್ತಾಗೋದಿಲ್ಲ ಮಗಳೇ," ಎಂದಳು ಭೈರಮ್ಮ. "ಎಲ್ಲವನ್ನೂ ಒಂದೇ ಥರ ಸುಡ್ತದೆ. ಆ ಬೂದಿ ನಮ್ಮ ಶಾಲೆ ಮಕ್ಕಳ ತಟ್ಟೆಗೆ ಬರ್ತದೆ. ನೀವು ವಾಪಸ್ ಕಳಿಸಿದ್ರೆ ಇದು ಹೋಗೋದು ಅಲ್ಲಿಗೇ. ನಾನು ಹೊತ್ಕೊಂಡು ಹೋಗೋದಿಲ್ಲ."

ಚೀಲವನ್ನು ಪೆಟ್ಟಿಗೆಯ ಪಕ್ಕಕ್ಕೆ ಒರಗಿಸಿ, ಅಲ್ಲಿದ್ದ ಮೆತ್ತನೆಯ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತಳು. ಕವಳದ ಸಂಚಿ ತೆಗೆದು, ಉಗಿಯಲು ಜಾಗವಿಲ್ಲವೆಂದು ನೆನಪಾಗಿ ಮತ್ತೆ ಒಳಗಿಟ್ಟಳು. ಬಂದ ಗಿರಾಕಿಗಳೆಲ್ಲ ಚೀಲದಲ್ಲಿ ಏನೆಂದು ಕೇಳಿದರು. ಅವಳು ಎಲ್ಲರಿಗೂ ಹುಬ್ಬಿನ ಕಥೆಯಿಂದಲೇ ಶುರುಮಾಡಿ ಹೇಳಿದಳು. ಕೇಳಿದ ಕೆಲವರು ತಮ್ಮ ಮನೆಯ ಒಲೆಯನ್ನು ನೆನೆದು ಸಪ್ಪಗಾದರು. ಒಬ್ಬರು ಕಾವ್ಯಳ ಕಡೆ ತಿರುಗಿ, ಮೇಲಿನವರನ್ನು ಒಮ್ಮೆ ಕೇಳಿ ನೋಡಬಾರದೇ ಎಂದರು. ಕಾವ್ಯಳಿಗೂ ಅಷ್ಟೇ ಬೇಕಿತ್ತೇನೋ. ಬೆಂಗಳೂರಿನ ಕಚೇರಿಗೆ ಫೋನು ಮಾಡಿದಳು, ಮಾತಾಡುತ್ತ ಆಡುತ್ತ ಅವಳ ಮುಖ ಅರಳಿತು.

"ಯಾವ ಕಂಪನಿದಾದ್ರೂ ತಗೊಳ್ಳಿ ಅಂದ್ರು ಅಮ್ಮ. ಸುಟ್ಟಿದ್ದೂ ಸರಿಯಂತೆ. ನಂಗೇ ಸರಿಯಾಗಿ ಗೊತ್ತಿರಲಿಲ್ಲ."

"ಗೊತ್ತಾಯ್ತಲ್ಲ ಬಿಡು. ಹಂಗಾದ್ರೆ ಇಂಥದೊಂದು ಪೆಟ್ಟಿಗೆ ನಮ್ಮೂರಿಗೂ ಕೊಡು," ಎಂದಳು ಭೈರಮ್ಮ. "ನಂಗೆ ಪ್ರತಿ ಸಲ ಬಸ್ಸಿಗೆ ಬರೋಕೆ ಸೊಂಟ ಕೇಳೋದಿಲ್ಲ."

ಹುಡುಗಿ ನಕ್ಕು ಮತ್ತೆ ಬೆಂಗಳೂರಿಗೆ ಫೋನು ಹಚ್ಚಿದಳು.

ಪೆಟ್ಟಿಗೆ ಬಂದದ್ದು ಬಸ್ಸಿನ ಮೇಲೆ, ಕೃಷ್ಣಪ್ಪನ ಹೆಸರಿಗೆ. ಅವನು ಅದನ್ನು ತಲೆಯ ಮೇಲೆ ಹೊತ್ತು ನಿಲ್ದಾಣದಿಂದ ಶಫಿಯ ಅಂಗಡಿಗೆ ನಡೆದ ಠೀವಿಯನ್ನು ನೋಡಬೇಕಿತ್ತು. ಆ ಹೊತ್ತಿಗೆ ಹುಬ್ಬು ಅರ್ಧ ಮೊಳೆತಿತ್ತು. ಶಫಿ ಅಂಗಡಿಯ ಬಾಗಿಲಲ್ಲೇ ಪೆಟ್ಟಿಗೆ ಇಟ್ಟು, ತುಂಬಿದಾಗ ಬಿಡಿಭಾಗ ತರಲು ಹೋಗುವಾಗ ತಾನೇ ಶಿವಮೊಗ್ಗಕ್ಕೆ ಒಯ್ಯುತ್ತೇನೆಂದು ಒಪ್ಪಿಕೊಂಡ. ರಿಪೇರಿಗೆ ಬಂದವರ ಸೆಟ್ಟು ಉಳಿಯುವುದಿಲ್ಲ ಎಂದಾದರೆ ಕೈತೋರಿಸುವುದು ಆ ಪೆಟ್ಟಿಗೆಯನ್ನೇ. ಸಂತೆಗೆ ಬಂದ ಹಳ್ಳಿಯವರೂ ಅಡಿಕೆ ಚೀಲದ ಸಂದಿಯಲ್ಲಿ ಸತ್ತ ಮೊಬೈಲು ಸಿಕ್ಕಿಸಿಕೊಂಡು ಬರತೊಡಗಿದರು.

ಭೈರಮ್ಮ ಮಾತ್ರ ಬೀಜ ಬಿತ್ತಿರಲಿಲ್ಲ. ಹಳ್ಳದಂಚಿನ ಕಪ್ಪು ಮಣ್ಣು ಹೊತ್ತು ತಂದು ಮಡಿ ಹದ ಮಾಡಿ ಇಟ್ಟಿದ್ದಳು. ಬೂದಿಗೆ ಯಾರ ಮನೆಗೂ ಹೋಗಿರಲಿಲ್ಲ. ಕೇಳಿದರೆ, "ಆಗ್ಲಿ, ಗಡಿಬಿಡಿ ಎಂತ ಇಲ್ಲ," ಎನ್ನುವಳು. ಯಾರನ್ನೂ ಬೈಯುವುದಿಲ್ಲವೆಂದ ಮೇಲೆ ಯಾರ ಒಲೆಯನ್ನೂ ನೋಡುವ ಹಾಗಿಲ್ಲ. ನೋಡದೆ ನಂಬಲು ಅವಳ ಕೈ ಇನ್ನೂ ಒಪ್ಪುತ್ತಿರಲಿಲ್ಲ. ಶಾಲೆಯಲ್ಲಿ ಶುಕ್ರವಾರಗಳು ಬೇಳೆ ಸಾರಿನಲ್ಲೇ ಕಳೆಯುತ್ತಿದ್ದವು, ಅವಳು ಆ ಜಗಲಿಯ ಕಡೆ ತಲೆ ಹಾಕುತ್ತಿರಲಿಲ್ಲ.

ಒಂದು ದಿನ ಶಂಕರಮ್ಮನೇ ಬಂದಳು. ಹೋಟೆಲು ಬಿಟ್ಟು ಹಗಲಿನಲ್ಲಿ ಹೊರಬೀಳುವ ಹೆಂಗಸಲ್ಲ ಅವಳು. ಸೊಂಟದ ಮೇಲೆ ಬೂದಿಯ ಬುಟ್ಟಿ. ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಭೈರಕ್ಕ, ಆವಾಗ ನೀವು ಜರಡಿ ಹಿಡೀತಿದ್ರಲ್ಲ, ನಾನು ಮೊದಲೇ ಹಿಡಿದು ಚೂರು ತೆಗೆದು ಇಡ್ತಿದ್ದೆ. ಹೋಟೆಲಿಗೆ ಬಂದವರು ಬಿಟ್ಟು ಹೋಗಿದ್ದನ್ನೆಲ್ಲ ಒಲೆಗೇ ಹಾಕ್ತಿದ್ದೆ. ನಿಮಗೆ ಕೊಟ್ಟಿದ್ದು ಒಳ್ಳೇ ಬೂದಿ ಅಲ್ಲ."

"ಗೊತ್ತಿತ್ತು," ಎಂದಳು ಭೈರಮ್ಮ.

"ಗೊತ್ತಿದ್ದೂ ಬೈಲಿಲ್ಲ?"

"ಬೈಯೋದಿಲ್ಲ ಅಂದಿದ್ನಲ್ಲ."

ಶಂಕರಮ್ಮನ ಕಣ್ಣು ತುಂಬಿತು. "ಒಲೆ ಅಡಿವರೆಗೆ ಕೆರೆದು ಮಣ್ಣು ಬಳಿದಿದೀನಿ. ಈಗ ಸೌದೆ, ಸಿಪ್ಪೆ ಬಿಟ್ಟು ಹಾಲಿನ ಕವರೂ ಹಾಕ್ತಿಲ್ಲ. ಇದು ಹೊಸ ಒಲೆಯ ಮೊದಲನೇ ಬೂದಿ. ಬೇಕಾದ್ರೆ ಜರಡಿ ಹಿಡೀರಿ. ನಮ್ಮ ಮೊಮ್ಮಗಳು ಆ ಶಾಲೆಲೇ ಉಣ್ಣೋದು."

ಭೈರಮ್ಮ ಜರಡಿ ತರಲಿಲ್ಲ. ಬುಟ್ಟಿ ಎತ್ತಿ ಹಿತ್ತಲಿಗೆ ನಡೆದಳು. ಅಂದು ಸಂಜೆಯೇ ಮಡಿಗೆ ಬೀಜ ಬಿತ್ತು. ಮರುದಿನ ಇನ್ನೊಂದು ಮನೆಯ ಬುಟ್ಟಿ, ಅದರ ಮರುದಿನ ಮತ್ತೊಂದು. ಮೊದಲೆಲ್ಲ ಬೂದಿಗೆ ಅವಳು ಬಾಗಿಲು ಬಾಗಿಲಿಗೆ ಹೋಗುತ್ತಿದ್ದಳು, ಈಗ ಬೂದಿಯೇ ಅವಳ ಬಾಗಿಲು ಹುಡುಕಿಕೊಂಡು ಬಂತು. ಭೈರಮ್ಮನಿಗೆ ಬೂದಿ ಕೊಟ್ಟ ಮನೆ ಎಂದರೆ ಜಯಪುರದಲ್ಲಿ ಅದೊಂದು ಘನತೆಯ ಮಾತಾಯಿತು.

ಹರಿವೆ ಚಳಿಗೆ ಸ್ವಲ್ಪ ನಿಧಾನವಾಗಿಯೇ ಎದ್ದಿತು, ಆದರೆ ಎದ್ದ ಮೇಲೆ ಹಿತ್ತಲಿನ ಬೇಲಿಯಾಚೆಯಿಂದ ಬಸ್ಸಿನಲ್ಲಿ ಹೋಗುವವರೂ ಕತ್ತು ಹೊರಳಿಸಿ ನೋಡುವಷ್ಟು ಕೆಂಪಾಗಿತ್ತು. ಶುಕ್ರವಾರ ಬೆಳಿಗ್ಗೆ ಭೈರಮ್ಮ ಮೊದಲ ಕೊಯ್ಲು ಮಾಡಿದಳು. ಬುಟ್ಟಿಯನ್ನು ಕೃಷ್ಣಪ್ಪನೇ ಹೊತ್ತ. ಶಾಲೆಯ ಬಾಗಿಲಲ್ಲಿ ತ್ರಿಪುರಸುಂದರಿ ಟೀಚರು ನಿಂತಿದ್ದರು. ಕೇಳಲೋ ಬೇಡವೋ ಎಂಬಂತೆ ಒಂದು ಕ್ಷಣ ಅವಳ ಮುಖ ನೋಡಿ, ಕೇಳದೆಯೇ ಬುಟ್ಟಿಗೆ ಕೈ ಕೊಟ್ಟು ಒಳಗೆ ತೆಗೆದುಕೊಂಡರು.

ಭೈರಮ್ಮ ಈ ಸಲ ಕಂಬಕ್ಕೆ ಒರಗಿ ನಿಲ್ಲಲಿಲ್ಲ. ಸೌಟು ತಾನೇ ಹಿಡಿದು ಸಾಲಿನುದ್ದಕ್ಕೂ ಬಡಿಸಿದಳು. ಶಂಕರಮ್ಮನ ಮೊಮ್ಮಗಳು ತಟ್ಟೆಯನ್ನು ಎರಡನೇ ಸಲ ಮುಂದೆ ಚಾಚಿದಾಗ ಭೈರಮ್ಮನಿಗೆ ಸೌಟು ಕಾಣಿಸಲಿಲ್ಲ, ಕಣ್ಣು ಅಷ್ಟು ಮಂಜಾಗಿತ್ತು. ಮಕ್ಕಳ ಕೈ, ಮೂತಿ, ಅಂಗಿಯ ತುದಿ ಎಲ್ಲ ಕೆಂಪು. ಟೀಚರು ಅವಳಿಗೂ ಒಂದು ತಟ್ಟೆ ಕೊಟ್ಟು ಸಾಲಿನ ಕೊನೆಯಲ್ಲಿ ಕೂರಿಸಿದರು. ಅಷ್ಟು ದಿನ ಬಾಯಿಗೆ ಇಡದ ಹರಿವೆಯನ್ನು ಭೈರಮ್ಮ ಅನ್ನಕ್ಕೆ ಕಲಸಿ, ಗಬಗಬನೆ, ಒಂದಗುಳೂ ಬಿಡದೆ ಉಂಡಳು. ನೀನು ಗೆದ್ದೆ ಎಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ.

ಉಂಡೆದ್ದ ಮಕ್ಕಳೆಲ್ಲ ನಲ್ಲಿಯ ಕಟ್ಟೆಯ ಬಳಿ ತಟ್ಟೆ ತೊಳೆಯುತ್ತಿದ್ದರು. ಪಕ್ಕದಲ್ಲಿ ಊರಿನ ಮನೆಗಳಿಂದ ಬಂದ ಬೂದಿಯ ಡಬ್ಬಿ. ಭೈರಮ್ಮ ಅವರ ನಡುವೆ ಜಾಗ ಮಾಡಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಡಬ್ಬಿಗೆ ಕೈ ಹಾಕಿ ಒಂದು ಹಿಡಿ ತೆಗೆದು, ಬೆರಳಾಡಿಸಿ ನೋಡದೆ, ಪಕ್ಕದ ಮಗುವಿನ ಜೊತೆ ಮಾತಾಡುತ್ತಲೇ ತನ್ನ ತಟ್ಟೆ ಉಜ್ಜತೊಡಗಿದಳು.